ವಿದ್ಯುತ್ ನಿಲ್ಲಿಸಿದ ಮೇಲೆ ಉಳಿಯುವುದೆಷ್ಟು?

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನಾವೆಲ್ಲರೂ ನೋಡಿರುವ ಪ್ರಯೋಗ ಒಂದಿದೆ. ತಾಮ್ರದ ತಂತಿಯ ಸುರುಳಿಯೊಳಗೆ ಮೆದು ಕಬ್ಬಿಣದ ಸರಳನ್ನಿಟ್ಟು ವಿದ್ಯುತ್ ಹರಿಸಿದರೆ ಅದು ಬಲವಾದ ಕಾಂತವಾಗಿ ಗುಂಡುಸೂಜಿಗಳನ್ನು ಎತ್ತುತ್ತದೆ. ವಿದ್ಯುತ್ ನಿಲ್ಲಿಸಿದೊಡನೆ ಬಹುಪಾಲು ಸೂಜಿಗಳು ಕೆಳಗೆ ಬೀಳುತ್ತವೆ. ಉಕ್ಕಿನ ಸರಳು ಅಷ್ಟು ಸುಲಭವಾಗಿ ಕಾಂತವಾಗುವುದಿಲ್ಲ. ಆದರೆ ಒಮ್ಮೆ ಆಯಿತೆಂದರೆ, ವಿದ್ಯುತ್ ನಿಂತ ಮೇಲೂ ಕಾಂತತ್ವದ ಸಾಕಷ್ಟು ಭಾಗ ಅದರಲ್ಲಿ ಉಳಿದಿರುತ್ತದೆ.

ಕೃತಕ ಬುದ್ಧಿಮತ್ತೆಯು ಮನುಷ್ಯನ ಕೌಶಲವನ್ನು ಹೆಚ್ಚಿಸುತ್ತದೆ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಸೂಜಿಗಳನ್ನು ಎಣಿಸಿದ್ದು ಯಾವಾಗ? ವಿದ್ಯುತ್ ಹರಿಯುತ್ತಿದ್ದಾಗಲೋ, ನಿಂತ ಮೇಲೋ? ವಿಚಾರ ಸಂಕಿರಣಗಳಲ್ಲಿ ಹರಿದಾಡುವ ಅಂಕಿಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯ.

ಹೆಚ್ಚಾಗಿ ಉಲ್ಲೇಖವಾಗುವುದು ಎರಿಕ್ ಬ್ರಿನ್ಯೋಲ್ಫ್‌ಸನ್, ಡೇನಿಯೆಲ್ ಲೀ ಮತ್ತು ಲಿಂಡ್ಸೆ ರೇಮಂಡ್ ಎಂಬ ಅರ್ಥಶಾಸ್ತ್ರಜ್ಞರು 2023ರಲ್ಲಿ ಹೊರತಂದ ಅಧ್ಯಯನ. ತಂತ್ರಾಂಶ ಸಂಸ್ಥೆಯೊಂದರ ಗ್ರಾಹಕ ಸೇವೆಯಲ್ಲಿದ್ದ 5179 ನೌಕರರ ಕೆಲಸವನ್ನು ಅವರು ಪರಿಶೀಲಿಸಿದರು. ಗ್ರಾಹಕರ ಪ್ರಶ್ನೆಗೆ ಹೇಗೆ ಉತ್ತರಿಸಬಹುದೆಂದು ಗಣಕವು ನೌಕರನಿಗೆ ಸೂಚಿಸುತ್ತಿತ್ತು. ಗಂಟೆಗೆ ಬಗೆಹರಿಸಿದ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇಕಡಾ 14ರಷ್ಟು ಏರಿತು. ಹೊಸಬರಲ್ಲಿ ಮತ್ತು ಕಡಿಮೆ ಕುಶಲಿಗಳಲ್ಲಿ ಏರಿಕೆ ಶೇಕಡಾ 34. ಅನುಭವಿಗಳಿಗೆ ಆದ ಲಾಭ ಅತ್ಯಲ್ಪ. ಇದರಿಂದ 'ಕೃತಕ ಬುದ್ಧಿಮತ್ತೆ ಇದ್ದರೆ ಹೊಸಬನೂ ನುರಿತವನಾಗುತ್ತಾನೆ' ಎಂಬ ತೀರ್ಮಾನಕ್ಕೆ ಅನೇಕರು ಬಂದಿದ್ದಾರೆ. ಬೆಂಗಳೂರಿನಲ್ಲಿ ಇಂಥದೇ ಕೆಲಸಕ್ಕೆ ಸೇರುವ ನಮ್ಮ ಪದವೀಧರರು ಬಹಳ ಮಂದಿ ಇರುವುದರಿಂದ ಈ ತೀರ್ಮಾನ ನಮಗೆ ದೂರದ ವಿಷಯವೇನಲ್ಲ.

ಆದರೆ ಶೇಕಡಾ 14 ಎಂಬುದು ವಿದ್ಯುತ್ ಹರಿಯುತ್ತಿದ್ದಾಗ ಎಣಿಸಿದ ಸೂಜಿಗಳ ಸಂಖ್ಯೆ. ಅದು ಉತ್ಪಾದಕತೆಯ ಅಳತೆ, ಕೌಶಲದ್ದಲ್ಲ. ಅಧ್ಯಯನಕಾರರು ಈ ವ್ಯತ್ಯಾಸವನ್ನು ಮರೆತಿಲ್ಲವೆಂಬುದು ಮೆಚ್ಚತಕ್ಕ ಸಂಗತಿ. ತಾಂತ್ರಿಕ ತೊಂದರೆಯಿಂದ ಗಣಕದ ಸಲಹೆ ನಿಂತುಹೋದ ಅವಧಿಗಳನ್ನೂ ಅವರು ನೋಡಿದರು. ಆಗಲೂ ಗಳಿಕೆಯ ಒಂದು ಭಾಗ ನೌಕರರಲ್ಲಿ ಉಳಿದಿತ್ತು. ಅಂದರೆ ಇಲ್ಲಿ ಸ್ವಲ್ಪಮಟ್ಟಿಗಾದರೂ ಕಲಿಕೆ ನಡೆದಿದೆ. ಭಾಷಣಗಳಲ್ಲಿ ಶೇಕಡಾ 14 ಕೇಳಿಬರುತ್ತದೆ. ಇದಕ್ಕಿಂತ ಮುಖ್ಯವಾದ ಈ ಅಂಶ ಕೇಳಿಬರುವುದಿಲ್ಲ.

ಇದಕ್ಕೆ ವಿರುದ್ಧ ಫಲಿತಾಂಶ ಕೊಟ್ಟದ್ದು ತುರ್ಕಿಯ ಪ್ರಯೋಗ. ಹಂಸಾ ಬಸ್ತಾನಿ ಮತ್ತು ಸಂಗಡಿಗರು ಅಲ್ಲಿನ ಒಂದು ಪ್ರೌಢಶಾಲೆಯ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳನ್ನು ಗಣಿತದ ಅಭ್ಯಾಸಕ್ಕಾಗಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ. ಇನ್ನೊಂದಕ್ಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಜಿಪಿಟಿ-4. ಮೂರನೆಯದಕ್ಕೆ ಅದೇ ಜಿಪಿಟಿ-4. ಆದರೆ ಉತ್ತರ ಹೇಳದೆ, ಅಧ್ಯಾಪಕರು ಸಿದ್ಧಪಡಿಸಿದ ಸುಳಿವುಗಳನ್ನು ಮಾತ್ರ ಕೊಡುವಂತೆ ಅದನ್ನು ಅಳವಡಿಸಲಾಗಿತ್ತು. ಮೊದಲ ಗುಂಪಿಗೆ ಹೋಲಿಸಿದರೆ ಅಭ್ಯಾಸದ ಲೆಕ್ಕಗಳಲ್ಲಿ ಎರಡನೆಯ ಗುಂಪಿನ ಅಂಕ ಶೇಕಡಾ 48ರಷ್ಟೂ ಮೂರನೆಯದರ ಅಂಕ ಶೇಕಡಾ 127ರಷ್ಟೂ ಹೆಚ್ಚಿತು. ಅನಂತರ ಯಾವ ನೆರವೂ ಇಲ್ಲದ ಪರೀಕ್ಷೆ. ಎರಡನೆಯ ಗುಂಪು ಮೊದಲನೆಯದಕ್ಕಿಂತ ಶೇಕಡಾ 17ರಷ್ಟು ಕಡಿಮೆ ಅಂಕ ಪಡೆಯಿತು. ಮೂರನೆಯ ಗುಂಪು ಹೆಚ್ಚುಕಡಿಮೆ ಮೊದಲ ಗುಂಪಿನ ಮಟ್ಟದಲ್ಲೇ ನಿಂತಿತು. ತಾವು ಕಡಿಮೆ ಕಲಿತಿದ್ದೇವೆಂಬುದು ಎರಡನೆಯ ಗುಂಪಿನವರಿಗೆ ತಿಳಿದೇ ಇರಲಿಲ್ಲ! 2025ರಲ್ಲಿ ಪ್ರಕಟವಾದ ಈ ಪ್ರಬಂಧದ ಅತ್ಯಂತ ಕಳವಳಕಾರಿ ಅಂಶ ಇದು.

ಈ ಅಂಕಿಗಳನ್ನೂ ಎಚ್ಚರದಿಂದಲೇ ಓದಬೇಕು. ಪ್ರಯೋಗ ನಡೆದದ್ದು ಒಂದೇ ಶಾಲೆಯಲ್ಲಿ, ನಾಲ್ಕು ಅವಧಿಗಳಲ್ಲಿ, 2023ರ ಗಣಕ ಮಾದರಿಯೊಡನೆ. ಪರೀಕ್ಷೆ ನಡೆದದ್ದು ಅಭ್ಯಾಸ ಮುಗಿದೊಡನೆ. ಆರು ತಿಂಗಳ ನಂತರ ಏನಾಗುತ್ತದೆಂದು ಅದು ಹೇಳಲಾರದು.

ಭೌತವಿಜ್ಞಾನದ ಅಧ್ಯಾಪಕರಿಗೆ ಮೂರನೆಯ ಪ್ರಯೋಗವೊಂದು ಹೆಚ್ಚು ಹತ್ತಿರದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಕೆಸ್ಟಿನ್ ಮತ್ತು ಸಂಗಡಿಗರು 194 ವಿದ್ಯಾರ್ಥಿಗಳಿಗೆ ಮೇಲ್ಮೈ ಎಳೆತ ಮತ್ತು ದ್ರವಗಳ ಹರಿವಿನ ಪಾಠಗಳನ್ನು ಕೃತಕ ಬುದ್ಧಿಮತ್ತೆಯ ಬೋಧಕನಿಂದಲೂ ಚಟುವಟಿಕೆ ಆಧಾರಿತ ತರಗತಿಯಲ್ಲೂ ಕಲಿಸಿ ಹೋಲಿಸಿದರು. ಗಣಕದಿಂದ ಕಲಿತವರ ಗಳಿಕೆ ಎರಡು ಪಟ್ಟಿಗೂ ಹೆಚ್ಚು; ತೆಗೆದುಕೊಂಡ ಸಮಯವೂ ಕಡಿಮೆ. ಇದನ್ನೇ ಹಿಡಿದು 'ಇನ್ನು ಅಧ್ಯಾಪಕರೇಕೆ?' ಎನ್ನುವವರಿದ್ದಾರೆ. ಅವರು ಗಮನಿಸದಿರುವುದು ಇಷ್ಟು: ಆ ಬೋಧಕನ ಹಿಂದೆ ಅನುಭವಿ ಅಧ್ಯಾಪಕರೇ ಇದ್ದರು. ಪ್ರತಿ ಪ್ರಶ್ನೆಯ ಹಂತಹಂತದ ಪರಿಹಾರವನ್ನು ಅವರು ಮೊದಲೇ ಗಣಕಕ್ಕೆ ಒದಗಿಸಿದ್ದರು. ಒಮ್ಮೆಗೆ ಒಂದೇ ಹೆಜ್ಜೆ ಮುಂದಿಡುವಂತೆ ಅದನ್ನು ಕಟ್ಟಿಹಾಕಿದ್ದರು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಹೊಳೆಯುತ್ತದೆ. ಗ್ರಾಹಕ ಸೇವೆಯ ನೌಕರ ಗಣಕದ ಸಲಹೆಯನ್ನು ತೂಗಿ ನೋಡಿ, ತನ್ನ ಎದುರಿನ ಗ್ರಾಹಕನಿಗೆ ತಾನೇ ಉತ್ತರಿಸಬೇಕಿತ್ತು. ಹಾರ್ವರ್ಡ್‌ನ ವಿದ್ಯಾರ್ಥಿ ಮುಂದಿನ ಹೆಜ್ಜೆಯನ್ನು ತಾನೇ ಯೋಚಿಸಬೇಕಿತ್ತು. ತುರ್ಕಿಯ ಎರಡನೆಯ ಗುಂಪಿಗೆ ಅಂಥ ಒತ್ತಾಯವಿರಲಿಲ್ಲ. ಯೋಚನೆಯ ಹೊರೆ ಯಾರ ಹೆಗಲ ಮೇಲಿತ್ತೋ ಕೌಶಲ ಅವರಲ್ಲಿ ಉಳಿಯಿತು ಎಂದು ನನಗೆ ತೋರುತ್ತದೆ.

ನಮ್ಮ ಪ್ರಯೋಗಾಲಯಗಳಲ್ಲಿ ಆಗುತ್ತಿರುವುದನ್ನೇ ನೋಡಿ. ಕಳೆದ ವರ್ಷ ಪದವಿ ವಿದ್ಯಾರ್ಥಿಯೊಬ್ಬ ಸರಳ ಲೋಲಕದ ಪ್ರಯೋಗದ ದಾಖಲೆ ಪುಸ್ತಕ ತಂದ. ಗುರುತ್ವ ವೇಗೋತ್ಕರ್ಷದ ಬೆಲೆ ಸರಿಯಾಗಿತ್ತು. ದೋಷಗಳ ಚರ್ಚೆಯಂತೂ ನಾನು ಬರೆಯಬಹುದಾದುದಕ್ಕಿಂತ ಸೊಗಸಾಗಿತ್ತು. "ಒಂದು ಆಂದೋಲನದ ಬದಲು 20 ಆಂದೋಲನಗಳ ಕಾಲವನ್ನೇ ಏಕೆ ಅಳೆದೆಯಪ್ಪ?" ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿದ. ಉತ್ತರ ಕಷ್ಟದ್ದಲ್ಲ. ಒಂದು ಮೀಟರ್ ಉದ್ದದ ಲೋಲಕದ ಆಂದೋಲನ ಕಾಲ ಸುಮಾರು 2 ಸೆಕೆಂಡ್. ಗಡಿಯಾರ ಒತ್ತುವ ಕೈ 0.2 ಸೆಕೆಂಡ್ ತಪ್ಪಿದರೆ ಕಾಲದಲ್ಲಿ ಶೇಕಡಾ 10ರ ದೋಷ; 20 ಆಂದೋಲನಗಳ 40 ಸೆಕೆಂಡಿನಲ್ಲಿ ಅದು ಶೇಕಡಾ 0.5 ಮಾತ್ರ. ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ಅಂತಿಮ ಬೆಲೆಯಲ್ಲಿ ದೋಷ ಸುಮಾರು ಇಮ್ಮಡಿಯಾಗುತ್ತದೆ. ಇಷ್ಟನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿದವನು ಮುಂದೆ ಯಾವ ಉಪಕರಣದ ಮುಂದೆ ನಿಂತರೂ ಅದು ನೆರವಿಗೆ ಬರುತ್ತದೆ.

ತಪ್ಪು ಆ ಹುಡುಗನದು ಮಾತ್ರವಲ್ಲ. ಅಂದವಾದ ದಾಖಲೆ ಪುಸ್ತಕಕ್ಕೆ ಅಂಕ ಕೊಡುತ್ತ ಬಂದವರು ನಾವು. ಗಣಕವಿಲ್ಲದ ಕಾಲದಲ್ಲೂ ಹಿಂದಿನ ವರ್ಷದವರ ಪುಸ್ತಕ ನೋಡಿ ನಕಲು ಮಾಡುವುದು ಇತ್ತು. ಈಗ ಅದು ಸುಲಭವಾಗಿದೆ, ಅಷ್ಟೇ.

ಉದ್ಯೋಗಗಳ ವಿಷಯದಲ್ಲಿ ಇದರ ಪರಿಣಾಮ ಇನ್ನೂ ದೂರಗಾಮಿ. ಗ್ರಾಹಕ ಸೇವೆಯ ಗಣಕಕ್ಕೆ ಆ ಜಾಣ್ಮೆ ಬಂದದ್ದು ನುರಿತ ನೌಕರರ ಸಾವಿರಾರು ಸಂಭಾಷಣೆಗಳಿಂದ. ಆ ನುರಿತವರೂ ಒಂದು ಕಾಲದಲ್ಲಿ ಹೊಸಬರಾಗಿದ್ದು, ತಪ್ಪು ಮಾಡಿ ಕಲಿತವರೇ. ಹೊಸಬರ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದರೆ ನಾಳೆಯ ನುರಿತವರು ಎಲ್ಲಿಂದ ಬರುತ್ತಾರೆ? ಯಂತ್ರ ತಪ್ಪಿದಾಗ 'ಇದು ತಪ್ಪು' ಎನ್ನುವವರು ಯಾರು?

ಯಂತ್ರವನ್ನು ದೂರವಿಡಿ ಎಂಬುದು ನನ್ನ ವಾದವಲ್ಲ; ಅದು ಸಾಧ್ಯವೂ ಇಲ್ಲ. ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ ಎರಡೇ. ದಾಖಲೆ ಪುಸ್ತಕಕ್ಕೆ ಮೀಸಲಾದ ಅಂಕಗಳಲ್ಲಿ ಅರ್ಧದಷ್ಟನ್ನಾದರೂ ಮೇಜಿನ ಬಳಿಯ ಐದು ನಿಮಿಷದ ಮೌಖಿಕ ಪ್ರಶ್ನೆಗಳಿಗೆ ಕೊಡಿ. ಗಣಕವನ್ನು ಬಳಸಲು ಬಿಟ್ಟಾಗ, ಅದು ಉತ್ತರಿಸುವ ಮೊದಲು ವಿದ್ಯಾರ್ಥಿ ತನ್ನ ಅಂದಾಜನ್ನು ಬರೆದಿಡಲಿ. ವಿದ್ಯಾರ್ಥಿಗಳು ತಾವಾಗಿಯೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಗಣಕದ ನೆರವಿನಿಂದ ಬಿಡಿಸಿದ ಲೆಕ್ಕವನ್ನು ಮರುದಿನ ಬಿಳಿ ಹಾಳೆಯ ಮೇಲೆ ಒಬ್ಬರೇ ಬಿಡಿಸಿ ನೋಡಿ. ವಿದ್ಯುತ್ ನಿಲ್ಲಿಸಿದ ಮೇಲೆ ಎಷ್ಟು ಸೂಜಿಗಳು ಉಳಿದಿವೆಯೆಂದು ನಿಮಗೇ ತಿಳಿಯುತ್ತದೆ.