ತೆರೆಯ ಮೇಲಿನ ಖಾಕಿ

ಕನ್ನಡದ ಪೊಲೀಸ್ ಸಿನಿಮಾಗಳಲ್ಲಿ ಮಂತ್ರಿ ಕೆಟ್ಟವನು, ಇನ್‌ಸ್ಪೆಕ್ಟರ್ ಒಳ್ಳೆಯವನು, ಜನ ಬರೀ ಗುಂಪು. ‘ಅಂತ’ (1981) ಚಿತ್ರದಲ್ಲಿ ಇನ್‌ಸ್ಪೆಕ್ಟರ್ ಪಾತ್ರದ ಅಂಬರೀಶ್ ಪಾತಕಿಯ ಸೋಗು ಹಾಕಿ ಪಾತಕಿಗಳ ನಡುವೆ ಹೊಕ್ಕರು. ಒಂಟಿ ಅಧಿಕಾರಿಯ ಆ ಮೋಹದಿಂದ ನಮ್ಮ ನಿರ್ದೇಶಕರು ಇನ್ನೂ ಬಿಡಿಸಿಕೊಂಡಿಲ್ಲ.

ಈ ಸಾಲಿನಲ್ಲಿ ಇವತ್ತಿಗೂ ನೋಡಿಸಿಕೊಂಡು ಹೋಗುವುದು 1988ರ ‘ಸಾಂಗ್ಲಿಯಾನ’. ನಿರ್ದೇಶನ ಪಿ. ನಂಜುಂಡಪ್ಪ, ನಾಯಕ ಶಂಕರ್‌ನಾಗ್. ಸೇವೆಯಲ್ಲಿದ್ದ ಅಧಿಕಾರಿಯೊಬ್ಬರ ಹೆಸರನ್ನೇ ಚಿತ್ರಕ್ಕಿಟ್ಟದ್ದು ಸಣ್ಣ ಧೈರ್ಯವಲ್ಲ. ಮಾರುವೇಷದಲ್ಲಿ ತಿರುಗುವ ಎಸ್ಪಿಯನ್ನು ಜನ ಮೆಚ್ಚಿದ್ದರಲ್ಲಿ, ಮೇಲಿನ ಸಾಹೇಬರಿಗೆ ನಮ್ಮ ಪಾಡು ಕಾಣಲಿ ಎಂಬ ಆಸೆಯಿತ್ತು. ಆದರೆ ವೇಷ ಹಾಕದೆ ಎಸ್ಪಿಗೆ ತನ್ನ ಇಲಾಖೆಯ ನಿಜ ತಿಳಿಯದು ಎಂದರೆ ಆ ಇಲಾಖೆ ಎಷ್ಟು ಕೆಟ್ಟಿರಬೇಕು? ಚಿತ್ರ ಆ ಪ್ರಶ್ನೆಯ ಹತ್ತಿರ ಬಂದು, ಹೊಡೆದಾಟದ ಕಡೆ ಹೊರಳಿಬಿಡುತ್ತದೆ. ಚಿತ್ರಕ್ಕೆ ಹೆಸರಾದ ಆ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ 2004ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ನಿಂತು ಬೆಂಗಳೂರು ಉತ್ತರದಲ್ಲಿ ಕಾಂಗ್ರೆಸ್ಸಿನ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿದರು. ಆ ಮತಗಳಲ್ಲಿ ಶಂಕರ್‌ನಾಗ್ ಪಾಲು ಎಷ್ಟೆಂದು ಲೆಕ್ಕ ಹಾಕಲಾಗದು. ಇರಲಿಲ್ಲ ಎಂದರೆ ಮಾತ್ರ ನಾನು ನಂಬುವುದಿಲ್ಲ. ತೆರೆಯ ಮೇಲೆ ಹಾವು ಮುಂಗುಸಿಯಂತಿದ್ದ ಖಾಕಿ, ಖಾದಿ ಹೊರಗೆ ಸಲೀಸಾಗಿ ಒಂದಾದವು.

1996ರಲ್ಲಿ ‘ಪೊಲೀಸ್ ಸ್ಟೋರಿ’ಯ ಸಾಯಿಕುಮಾರ್ ಚಿತ್ರಮಂದಿರಗಳನ್ನು ನಡುಗಿಸಿದರು. ಅದೇ ವರ್ಷ ಉತ್ತರ ಪ್ರದೇಶದ ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ ಪೊಲೀಸ್ ಸುಧಾರಣೆ ಕೋರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ತೀರ್ಪು ಬಂದದ್ದು 2006ರಲ್ಲಿ: ಎಸ್ಪಿ, ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಇಲಾಖೆಯದೇ ಮಂಡಳಿ, ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರ. ಇದರಲ್ಲಿ ಶಿಳ್ಳೆ ಹೊಡೆಯುವಂಥದ್ದೇನೂ ಇಲ್ಲ, ನಿಜ. ಹಾಗೆಂದು ಕಥೆ ಇಲ್ಲವೇ? ಶಾಸಕರ ‘ಮಿನಿಟ್’ (ವರ್ಗಾವಣೆಯ ಶಿಫಾರಸು ಪತ್ರ) ಹಿಡಿದು ಠಾಣೆಗೆ ಬಂದ ಇನ್‌ಸ್ಪೆಕ್ಟರ್, ಅದೇ ಶಾಸಕರ ಹಿಂಬಾಲಕನ ಮೇಲೆ ದೂರು ಬಂದಾಗ ಎಫ್‌ಐಆರ್‌ಗೆ ಮೊದಲು ಫೋನ್ ಕೈಗೆತ್ತಿಕೊಳ್ಳುತ್ತಾನೆ. ಬೆಂಚಿನ ಮೇಲೆ ಕೂತ ದೂರುದಾರನಿಗೆ ಸಂಜೆ ಹೊತ್ತಿಗೆ ‘ರಾಜಿ ಮಾಡ್ಕೊಳ್ರಿ’ ಎಂಬ ಬುದ್ಧಿಮಾತು ಸಿಗುತ್ತದೆ. ಒಪ್ಪದೆ ಎಫ್‌ಐಆರ್ ಹಾಕಿದ ಅಧಿಕಾರಿಗೆ ಎತ್ತಂಗಡಿ. ನಮ್ಮ ಸಿನಿಮಾ ಎತ್ತಂಗಡಿಯನ್ನು ನಾಯಕನ ಪದಕದಂತೆ ತೋರಿಸಿತೇ ಹೊರತು, ಅವನು ಹೋದ ಮೇಲೆ ಆ ದೂರುದಾರನ ಗತಿಯೇನೆಂದು ಕೇಳಲಿಲ್ಲ.

ಇನ್ನು ಲಾಕಪ್ಪಿನ ಏಟು. ತೆರೆಯ ಮೇಲೆ ಅದನ್ನು ತಿನ್ನುವವನು ಕೊಬ್ಬಿದ ಖಳನಾಯಕ. ಹೊರಗೆ, ವಕೀಲರಿಗೆ ಕೊಡಲು ಕಾಸಿಲ್ಲದವನು. ಬಡವನ ಮೇಲೆ ಬೀಳುವ ಏಟಿಗೂ ಚಪ್ಪಾಳೆ ತಟ್ಟುವ ಅಭ್ಯಾಸವನ್ನು ನಮಗೆ ಹಿಡಿಸಿದ್ದು ಈ ಚಿತ್ರಗಳ ದೊಡ್ಡ ದೋಷ. ಶಂಕರ್‌ನಾಗ್‌ಗಾಗಿ ‘ಸಾಂಗ್ಲಿಯಾನ’ವನ್ನು ಇನ್ನೊಮ್ಮೆ ನೋಡಬಹುದು. ಠಾಣೆ ಹೇಗೆ ನಡೆಯುತ್ತದೆಂದು ತಿಳಿಯಬೇಕಾದವರಿಗೆ ಈ ಮೂರು ಚಿತ್ರಗಳಲ್ಲಿ ಒಂದೂ ಸಾಲದು.