ಹವ್ಯಾಸಕ್ಕೂ ಒಂದು ಹೊಣೆ

ಹವ್ಯಾಸವೆಂದರೆ ಹೊಟ್ಟೆ ತುಂಬಿದವರು ಹೊತ್ತು ಕಳೆಯಲು ಹಿಡಿದ ಕೆಲಸ ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಬಲವಾಗಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರ ಸೇರಿದ ನಮಗೆ ಇದು ಸಹಜವೂ ಹೌದು. ಮಗ ಪರೀಕ್ಷೆಯ ಪುಸ್ತಕವನ್ನು ಬದಿಗಿಟ್ಟು ನಡುರಾತ್ರಿಯವರೆಗೆ ಕಂಪ್ಯೂಟರಿನ ಮುಂದೆ ಕುಳಿತರೆ, ‘ಇದರಿಂದ ಬಂದದ್ದೇನು?’ ಎಂದು ಕೇಳದ ತಂದೆತಾಯಿಗಳು ವಿರಳ. ಆ ಪ್ರಶ್ನೆಗೆ ಒಬ್ಬ ಮಗ ಕೊಟ್ಟ ದೀರ್ಘ ಉತ್ತರದಂತಿದೆ ‘ಜಸ್ಟ್ ಫಾರ್ ಫನ್’ ಎಂಬ ಇಂಗ್ಲಿಷ್ ಪುಸ್ತಕ. ಲಿನಕ್ಸಿನ ಕರ್ತೃ ಲೀನಸ್ ಟೊರ್ವಾಲ್ಡ್ಸ್ ಅವರು ಪತ್ರಕರ್ತ ಡೇವಿಡ್ ಡೈಮಂಡ್ ಅವರೊಡನೆ ಬರೆದ ಈ ಆತ್ಮಕಥೆ 2001ರಲ್ಲಿ ಪ್ರಕಟವಾಯಿತು. ‘ಬರಿಯ ಮೋಜಿಗಾಗಿ’ ಎಂಬುದು ಹೆಸರಿನ ಅರ್ಥ. ಪುಸ್ತಕದ ವಾದವೂ ಅದೇ. ಇಷ್ಟು ವರ್ಷಗಳ ಮೇಲೆ ಓದಿದರೆ ಕಥನದ ಸೊಗಸು ಹಾಗೆಯೇ ಉಳಿದಿದೆ. ವಾದ ಮಾತ್ರ ಅರ್ಧಕ್ಕೆ ನಿಂತಿದೆ ಎಂದು ನಮಗೆ ತೋರುತ್ತದೆ.

ಮೊದಲು ಸೊಗಸಿನ ಮಾತು. ಹೆಲ್ಸಿಂಕಿಯ ಬಾಲ್ಯದ ಭಾಗವೇ ಪುಸ್ತಕದ ತಿರುಳು. ತಾಯಿಯ ತಂದೆ ಲಿಯೋ ಟೋರ್ನ್‌ಕ್ವಿಸ್ಟ್ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ತಾವು ಕೊಂಡ ಕಮೊಡೋರ್ ವಿಕ್-20 ಯಂತ್ರದ ಮುಂದೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಾಗದದಲ್ಲಿ ಬರೆದಿಟ್ಟ ಪ್ರೋಗ್ರಾಮನ್ನು ಅವನ ಕೈಯಿಂದ ಟೈಪು ಮಾಡಿಸುತ್ತಿದ್ದರು. ಅಜ್ಜನ ತೊಡೆಯ ಮೇಲೆ ಅಕ್ಷರ ತಿದ್ದಿದ ನಮ್ಮ ಓದುಗರಿಗೆ ಈ ಚಿತ್ರ ಪರಿಚಿತವೆನಿಸದೆ ಇರದು. ಇನ್ನೊಂದು ಸಂಗತಿಯೂ ನಮಗೆ ಹತ್ತಿರದ್ದು: ಅವರ ಮನೆಮಾತು ಫಿನ್ನಿಷ್ ಅಲ್ಲ, ಸ್ವೀಡಿಷ್. ಆ ನಾಡಿನಲ್ಲಿ ಸ್ವೀಡಿಷ್ ಆಡುವವರು ನೂರಕ್ಕೆ ಐದರ ಆಸುಪಾಸು. ಆದರೆ ಅವರು ವಲಸೆ ಬಂದವರಲ್ಲ. ಅವರ ಭಾಷೆಗೆ ರಾಷ್ಟ್ರಭಾಷೆಯ ಮನ್ನಣೆಯೂ ಇದೆ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಮೇಲು.

1991ರ ಜನವರಿಯಲ್ಲಿ ವಿದ್ಯಾರ್ಥಿ ಟೊರ್ವಾಲ್ಡ್ಸ್ ಕಂತಿನ ಮೇಲೆ ಒಂದು ಕಂಪ್ಯೂಟರ್ ಕೊಂಡರು. ವಿಶ್ವವಿದ್ಯಾಲಯದ ಯಂತ್ರದೊಡನೆ ಟೆಲಿಫೋನ್ ತಂತಿಯ ಮೂಲಕ ಮಾತಾಡಲು ಬರೆದ ಸಣ್ಣ ಪ್ರೋಗ್ರಾಮು ಬೆಳೆಯುತ್ತ ಹೋಗಿ, ಯಂತ್ರದ ಎಲ್ಲ ಕೆಲಸಗಳನ್ನೂ ತಳದಲ್ಲಿ ನಿಂತು ನಡೆಸುವ ವ್ಯವಸ್ಥೆಯಾಯಿತು. ಒಮ್ಮೆ ಟೆಲಿಫೋನಿಗೆ ಹೋಗಬೇಕಾದ ಆಜ್ಞೆಯನ್ನು ತಪ್ಪಿ ತಮ್ಮ ಡಿಸ್ಕಿಗೇ ಕಳುಹಿಸಿ, ಅದರಲ್ಲಿದ್ದ ಮಿನಿಕ್ಸ್ ವ್ಯವಸ್ಥೆಯನ್ನು ಕೆಡಿಸಿಕೊಂಡರು. ಅದನ್ನು ಮತ್ತೆ ಹಾಕುವ ಬದಲು ತಮ್ಮದನ್ನೇ ನೆಚ್ಚುವುದೆಂದು ಅಂದೇ ತೀರ್ಮಾನಿಸಿದರು. ಆಗಸ್ಟ್ 25ರಂದು ಮಿನಿಕ್ಸ್ ಬಳಸುವವರಿಗೆ ಬರೆದ ಓಲೆಯಲ್ಲಿ, ತಮ್ಮದು ಹವ್ಯಾಸದ ಕೆಲಸ, ದೊಡ್ಡದೇನೂ ಆಗದು ಎಂದಿದ್ದರು. ಬಳಸಿದವರಿಂದ ಹಣ ಕೇಳಲಿಲ್ಲ, ಪೋಸ್ಟ್‌ಕಾರ್ಡ್ ಕೇಳಿದರು. ದೂರದೇಶಗಳ ಕಾರ್ಡುಗಳು ಮನೆಗೆ ಬರತೊಡಗಿದಾಗ ತಂಗಿಗೆ ಅಣ್ಣನ ಕೆಲಸದಲ್ಲಿ ಏನೋ ಇದೆಯೆಂದು ಅನಿಸಿತಂತೆ. ಇಂಥ ಪುಟಗಳಲ್ಲಿ ಆಡಂಬರವಿಲ್ಲ, ತಮ್ಮನ್ನೇ ನೋಡಿ ನಗುವ ಗುಣವಿದೆ. ನಡುನಡುವೆ ಬರುವ ಡೈಮಂಡ್ ಅವರ ಅಧ್ಯಾಯಗಳು ಇದರೆದುರು ಸಪ್ಪೆ. ಬದುಕಿನ ಗತಿ ಉಳಿವಿನಿಂದ ಸಮಾಜಕ್ಕೆ, ಸಮಾಜದಿಂದ ವಿನೋದಕ್ಕೆ ಎಂಬ ತತ್ತ್ವ ಊಟದ ನಂತರದ ಹರಟೆಗೆ ಸಾಕು, ಗ್ರಂಥದ ಭಾರವನ್ನು ಹೊರಲಾರದು.

ನಮ್ಮ ಮುಖ್ಯ ತಕರಾರು ಬೇರೆಯದು. ಇಂಗ್ಲಿಷಿನ ‘ಫ್ರೀ’ ಎಂಬ ಪದ ಪುಕ್ಕಟೆಗೂ ಸ್ವಾತಂತ್ರ್ಯಕ್ಕೂ ಒಂದೇ. ಕನ್ನಡದಲ್ಲಿ ಆ ಗೊಂದಲವಿಲ್ಲ. ತಂತ್ರಾಂಶ ಸ್ವತಂತ್ರವಾಗಿರಬೇಕು, ಅದರ ಮೂಲಬರಹವನ್ನು ಯಾರು ಬೇಕಾದರೂ ಓದಿ ತಿದ್ದಿ ಹಂಚುವಂತಿರಬೇಕು ಎಂದು 1983ರಿಂದ ಸಾರುತ್ತ ಬಂದವರು ರಿಚರ್ಡ್ ಸ್ಟಾಲ್ಮನ್. ಅವರು ರೂಪಿಸಿದ ಲೈಸೆನ್ಸನ್ನೇ 1992ರಲ್ಲಿ ಲಿನಕ್ಸಿಗೆ ತೊಡಿಸಲಾಯಿತು. ಅದರ ಉಪಕಾರವನ್ನು ಟೊರ್ವಾಲ್ಡ್ಸ್ ಒಪ್ಪುತ್ತಾರೆ, ಆದರೆ ಉಪದೇಶ ಅವರಿಗೆ ಒಗ್ಗದು. ಚೆನ್ನಾಗಿ ಕೆಲಸ ಮಾಡುವ ಉಪಕರಣವೇ ಒಳ್ಳೆಯ ಉಪಕರಣ ಎಂಬುದು ಅವರ ನಿಲುವು.

ಈ ನಿಲುವಿಗೆ ಪರೀಕ್ಷೆ ಬಂದದ್ದು ಪುಸ್ತಕ ಅಚ್ಚಾದ ಮೇಲೆ. ಸಾವಿರಾರು ಜನರ ತಿದ್ದುಪಡಿಗಳನ್ನು ಹೊಂದಿಸಲು 2002ರಿಂದ ಅವರು ಬಿಟ್‌ಕೀಪರ್ ಎಂಬ ತಂತ್ರಾಂಶವನ್ನು ಬಳಸಿದರು. ಅದು ಅವರಿಗೆ ಪುಕ್ಕಟೆ, ಆದರೆ ಸ್ವತಂತ್ರವಲ್ಲ. 2005ರಲ್ಲಿ ಕಂಪನಿ ಆ ಪುಕ್ಕಟೆ ಪರವಾನಗಿಯನ್ನು ಹಿಂತೆಗೆದುಕೊಂಡಿತು. ಕೊಟ್ಟವರಿಗೆ ಕಿತ್ತುಕೊಳ್ಳುವ ಹಕ್ಕೂ ಇತ್ತು. ಆಗ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ‘ಗಿಟ್’ ಎಂಬ ತಮ್ಮದೇ ಉಪಕರಣವನ್ನು ಬರೆದರು; ಇಂದು ಲೋಕದ ಪ್ರೋಗ್ರಾಮರುಗಳು ನಿತ್ಯ ಬಳಸುವುದು ಅದನ್ನೇ. ಅವರಿಗೆ ಸಾಮರ್ಥ್ಯವಿತ್ತು, ಬರೆದುಕೊಂಡರು. ಅದಿಲ್ಲದ ಸಾಮಾನ್ಯನ ಪಾಡೇನು? ಪುಸ್ತಕ ಈ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ.

ಪ್ರಶ್ನೆ ನಮ್ಮದೂ ಹೌದು. ಲಿನಕ್ಸ್ ಹುಟ್ಟಿದ 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದು, ಅದರಲ್ಲಿ ಕನ್ನಡ ಲಿಪಿಗೂ ಸ್ಥಾನ ದೊರೆತಿತ್ತು. ಆದರೂ ಬಹುಕಾಲ ನಾವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳಲ್ಲೇ ಸ್ಮರಣ ಸಂಚಿಕೆಗಳನ್ನು ಸಿದ್ಧಪಡಿಸಿದೆವು. ಕೈಗೆ ಸಿಕ್ಕಿತು, ಕೆಲಸ ನಡೆಯಿತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಇಂದು ಅದೇ ಕಡತವನ್ನು ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಿಚಡಿ. ತೀರಿಹೋದ ಹಿರಿಯರೊಬ್ಬರ ಲೇಖನ ಅದರೊಳಗೆ ಸಿಕ್ಕಿಕೊಂಡಿದ್ದರೆ, ಅವರ ಮಾತು ಕಳೆದುಹೋಗಿಲ್ಲ, ಆದರೆ ನಮ್ಮ ಕೈಗೂ ಬರದು. ಪರಿವರ್ತಿಸುವ ಸಾಧನಗಳುಂಟು; ಯಾವ ಫಾಂಟೆಂದು ನೆನಪಿದ್ದವರು ಬೇಕು. ಉಪಕರಣವನ್ನು ಆರಿಸುವಾಗ ಇಂದು ನಡೆಯುತ್ತದೆಯೇ ಎಂದು ಕೇಳಿದರೆ ಸಾಲದು, ನಾಳೆ ನಮ್ಮ ಬರಹ ಯಾರ ಕೈಯಲ್ಲಿರುತ್ತದೆ ಎಂದೂ ಕೇಳಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಲಿಬ್ರೆ ಆಫೀಸಿನಂಥ ಸ್ವತಂತ್ರ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಬರೆದಿಡುವ ಹವ್ಯಾಸಿಯನ್ನು ಹಟಮಾರಿಯೆಂದು ನಾವು ನಗಬಾರದು.

ಹಾಗೆಂದು ಮೋಜಿನ ಮಾತನ್ನು ತಳ್ಳಿಹಾಕುವಂತಿಲ್ಲ. ಸಮುದ್ರದಲ್ಲಿ ಮುಳುಗುವ ಹವ್ಯಾಸ ಹತ್ತಿಸಿಕೊಂಡ ಟೊರ್ವಾಲ್ಡ್ಸ್, ಮುಳುಗಿದ ಆಳ, ಹೊತ್ತುಗಳ ಲೆಕ್ಕವಿಡಲು 2011ರಲ್ಲಿ ‘ಸಬ್‌ಸರ್ಫೇಸ್’ ಎಂಬ ತಂತ್ರಾಂಶವನ್ನು ಬರೆದರು. ಆಮೇಲೆ ಅದರ ಉಸ್ತುವಾರಿಯನ್ನು ಗೆಳೆಯ ಡರ್ಕ್ ಹೊಂಡೆಲ್ ವಹಿಸಿಕೊಂಡರು. ತನಗಾಗಿ ಮಾಡಿದ್ದು, ಮೂಲಬರಹ ತೆರೆದಿದ್ದರಿಂದ ಇನ್ನೊಬ್ಬರ ಕೈಯಲ್ಲಿ ಬೆಳೆಯಿತು. ಮೋಜು ಕೆಲಸವನ್ನು ಹುಟ್ಟಿಸಬಹುದು. ಅದನ್ನು ಬಾಳಿಸುವುದು ಹಂಚಿಕೊಳ್ಳುವ ಕರಾರು. ಪುಸ್ತಕ ಮೊದಲನೆಯದನ್ನು ಮನಮುಟ್ಟುವಂತೆ ಹೇಳುತ್ತದೆ, ಎರಡನೆಯದನ್ನು ಓದುಗನ ಊಹೆಗೆ ಬಿಡುತ್ತದೆ.

ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಈ ಪುಸ್ತಕವನ್ನು ಅವಶ್ಯವಾಗಿ ಕೊಡಿಸಬೇಕು. ಓದಿ ಮುಗಿಸಿದ ಮೇಲೆ ಅವರ ಕೈಗೆ ಅಜ್ಜನದೋ ಅಮ್ಮನದೋ ಹಳೆಯ ಕನ್ನಡ ಕಡತವೊಂದನ್ನು ಕೊಟ್ಟು, ‘ಇದನ್ನು ಓದುವಂತೆ ಮಾಡಿಕೊಡು’ ಎನ್ನಬೇಕು. ರಾತ್ರಿ ಒಂದು ಗಂಟೆಯವರೆಗೆ ಅವರು ಅದರ ಮುಂದೆ ಕುಳಿತರೆ ನಾವು ದೀಪ ಆರಿಸದಿದ್ದರಾಯಿತು.