ರಚ್ಚೆಗೆ ಬಿದ್ದ ಹೆಸರು: ಕುಂದುರ್ಪಿ ಸೀಮೆಯ ಕನ್ನಡದಿಂದ ‘ದಿ ಕ್ರೂಸಿಬಲ್’

ಆರ್ಥರ್ ಮಿಲ್ಲರನ ‘ದಿ ಕ್ರೂಸಿಬಲ್’ ನಾಟಕ ನ್ಯೂಯಾರ್ಕಿನಲ್ಲಿ ಮೊದಲು ರಂಗಕ್ಕೆ ಬಂದದ್ದು ೧೯೫೩ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಸ್ಥಾಪನೆಯಾಯಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸಂದವು. ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲೇ ಇದ್ದ ಕಲ್ಯಾಣದುರ್ಗ, ಕುಂದುರ್ಪಿ, ಮಡಕಶಿರಾ, ಹಿಂದೂಪುರ ಸೀಮೆಗಳ ಕನ್ನಡಿಗರಿಗೆ ಅಂದಿನಿಂದ ಮನೆಯ ಮಾತು ಒಂದು, ರಾಜ್ಯದ ಮಾತು ಮತ್ತೊಂದು ಎಂಬುದು ಸ್ಥಿರವಾಯಿತು. ಈ ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಆರೋಪ, ವಿಚಾರಣೆ, ತಪ್ಪೊಪ್ಪಿಗೆಗಳನ್ನೇ ವಸ್ತುವಾಗಿಸಿಕೊಂಡ ನಾಟಕವನ್ನು ಇಂಥ ಸೀಮೆಯಲ್ಲಿ ನಿಂತು ಓದಿದಾಗ, ಇಂಗ್ಲಿಷ್ ವಿಮರ್ಶೆ ಅಷ್ಟಾಗಿ ಕೇಳದ ಒಂದು ಪ್ರಶ್ನೆ ಮುಂದೆ ಬರುತ್ತದೆ. ಆರೋಪಕ್ಕೆ ಗುರಿಯಾದವರು ಯಾರ ಭಾಷೆಯಲ್ಲಿ ಉತ್ತರ ಕೊಡಬೇಕು?

ನಾಟಕದ ಹಿಂದಿರುವ ಚರಿತ್ರೆ ಸುಪರಿಚಿತ. ೧೬೯೨ರಲ್ಲಿ ಮ್ಯಾಸಚೂಸೆಟ್ಸಿನ ಸೇಲಂನಲ್ಲಿ ಕೆಲವು ಹುಡುಗಿಯರ ವಿಚಿತ್ರ ನಡವಳಿಕೆಯಿಂದ ಆರಂಭವಾದ ಗುಲ್ಲು ನೂರೈವತ್ತಕ್ಕೂ ಹೆಚ್ಚು ಜನರನ್ನು ಮಾಟದ ಆರೋಪಕ್ಕೆ ಸಿಲುಕಿಸಿತು. ಹತ್ತೊಂಬತ್ತು ಮಂದಿ ಗಲ್ಲಿಗೇರಿದರು. ಅವರಲ್ಲಿ ಹದಿನಾಲ್ವರು ಹೆಂಗಸರು. ನ್ಯಾಯಾಲಯದ ಮುಂದೆ ಬಾಯಿ ಬಿಡಲೊಪ್ಪದ ಮುದುಕ ಜೈಲ್ಸ್ ಕೋರಿಯನ್ನು ಕಲ್ಲು ಹೇರಿ ಕೊಂದರು. ಆರೋಪಿಯ ಆತ್ಮ ಬಂದು ತಮ್ಮನ್ನು ಹಿಂಸಿಸಿತೆಂಬ ಹುಡುಗಿಯರ ಮಾತನ್ನೇ ಅಲ್ಲಿನ ನ್ಯಾಯಾಲಯ ಸಾಕ್ಷ್ಯವೆಂದು ಸ್ವೀಕರಿಸಿತ್ತು. ಮಿಲ್ಲರ್ ಈ ದಾಖಲೆಗಳತ್ತ ತಿರುಗಿದ್ದು ಕಮ್ಯೂನಿಸ್ಟರ ಬೇಟೆ ಅಮೆರಿಕದಲ್ಲಿ ನಡೆಯುತ್ತಿದ್ದ ದಿನಗಳಲ್ಲಿ. ಅವನ ನಾಟಕಗಳನ್ನು ನಿರ್ದೇಶಿಸಿದ್ದ ಗೆಳೆಯ ಎಲಿಯಾ ಕಜಾನ್ ೧೯೫೨ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹಳೆಯ ಸಂಗಾತಿಗಳ ಹೆಸರು ಹೇಳಿದ. ೧೯೫೬ರಲ್ಲಿ ಅದೇ ಸಮಿತಿ ಮಿಲ್ಲರನನ್ನು ಕರೆಸಿದಾಗ ಅವನು ಇತರರ ಹೆಸರು ಹೇಳಲು ನಿರಾಕರಿಸಿದ. ಅದಕ್ಕಾಗಿ ಅಪರಾಧಿಯೆನಿಸಿಕೊಂಡ, ೧೯೫೮ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಮೂರು ವರ್ಷ ಮೊದಲೇ ತನ್ನ ನಾಯಕನ ಕೈಯಲ್ಲಿ ಮಾಡಿಸಿದ್ದನ್ನು ನಾಟಕಕಾರ ತಾನೇ ಮಾಡಬೇಕಾಗಿ ಬಂದದ್ದು ಈ ಕೃತಿಯ ಚರಿತ್ರೆಯಲ್ಲಿ ಗಮನಾರ್ಹ.

ಗಡಿಸೀಮೆಯ ಓದುಗರಿಗೆ ಈ ವಿಚಾರಣೆಯ ಸ್ವರೂಪವನ್ನು ತೆರೆದು ತೋರುವ ಪದ ‘ರಚ್ಚೆ’. ಊರ ಮಂದಿ ಸೇರಿ ನ್ಯಾಯ ತೀರಿಸುವ ಕಟ್ಟೆಗೆ ತೆಲುಗಿನಲ್ಲಿ ರಚ್ಚಬಂಡ ಎನ್ನುತ್ತಾರೆ. ಒಬ್ಬರ ಮಾನವನ್ನು ಬೀದಿಗೆ ತರುವುದಕ್ಕೆ ಕನ್ನಡದಲ್ಲಿ ‘ರಚ್ಚೆಗೆ ಎಳೆಯುವುದು’ ಎಂಬ ಮಾತಿದೆ. ತೆಲುಗಿನಲ್ಲೂ ಮನೆಯ ಗುಟ್ಟು ರಚ್ಚೆಗೆ ಏರುತ್ತದೆ. ನ್ಯಾಯ ಸಿಗುವ ಜಾಗ ಮತ್ತು ಮಾನ ಹೋಗುವ ಜಾಗ ಒಂದೇ ಎಂಬ ಅರಿವು ಎರಡೂ ನುಡಿಗಳ ಈ ಪದದಲ್ಲಿ ಅಡಗಿದೆ. ಮಿಲ್ಲರನ ಮೂರನೆಯ ಅಂಕದ ಇಡೀ ಕ್ರಿಯೆ ನಡೆಯುವುದು ಇಂಥ ಜಾಗದಲ್ಲಿಯೇ. ಅಬಿಗೈಲಳ ಸುಳ್ಳನ್ನು ಬಯಲು ಮಾಡಲು ಜಾನ್ ಪ್ರಾಕ್ಟರ್ ಅವಳೊಡನೆ ತನಗಿದ್ದ ಸಂಬಂಧವನ್ನು ತಾನೇ ರಚ್ಚೆಗಿಡುತ್ತಾನೆ. ತನ್ನ ಹೆಂಡತಿ ಎಂದೂ ಸುಳ್ಳಾಡಿದವಳಲ್ಲ ಎಂದು ಪಣವೊಡ್ಡುತ್ತಾನೆ. ಕರೆತರಲ್ಪಟ್ಟ ಎಲಿಜಬೆತ್ ಗಂಡನ ಮಾನ ಉಳಿಸಲು ಜೀವಮಾನದಲ್ಲಿ ಮೊದಲ ಬಾರಿಗೆ ಸುಳ್ಳಾಡುತ್ತಾಳೆ. ಆ ಸುಳ್ಳೇ ಅವನಿಗೆ ಮುಳುವಾಗುತ್ತದೆ. ‘ಮನೆ ಗೆದ್ದು ಮಾರು ಗೆಲ್ಲು’ ಎನ್ನುತ್ತದೆ ಕನ್ನಡದ ಗಾದೆ. ‘ಇಂಟ ಗೆಲಿಚಿ ರಚ್ಚ ಗೆಲುವು’ ಎನ್ನುತ್ತದೆ ತೆಲುಗು. ಪ್ರಾಕ್ಟರ್ ತಾನು ಕಳೆದುಕೊಂಡಿದ್ದ ಮನೆಯನ್ನು ಮರಳಿ ಗೆಲ್ಲುವ ಕ್ಷಣವೇ ರಚ್ಚೆಯಲ್ಲಿ ಸೋಲುವ ಕ್ಷಣ. ಗಾದೆ ಹೇಳುವ ಕ್ರಮವನ್ನು ಭೀತಿಯ ಆಡಳಿತ ಹೇಗೆ ತಲೆಕೆಳಗು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ದೃಶ್ಯ ಆಧುನಿಕ ರಂಗಭೂಮಿಯಲ್ಲಿ ವಿರಳ.

ಕನ್ನಡದಲ್ಲಿ ಇದೇ ಬಗೆಯ ಪ್ರಯತ್ನಕ್ಕೆ ಹತ್ತಿರದ ನಿದರ್ಶನ ಗಿರೀಶ ಕಾರ್ನಾಡರ ‘ತಲೆದಂಡ’ (೧೯೯೦). ಮಂಡಲ ಮತ್ತು ಮಂದಿರ ವಿವಾದಗಳು ಉರಿಯುತ್ತಿದ್ದ ಕಾಲದಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ಕಡೆಗೆ ತಿರುಗಿದ ಈ ನಾಟಕಕ್ಕೆ ೧೯೯೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಎರಡನ್ನೂ ‘ಚರಿತ್ರೆಯ ನೆಪದಲ್ಲಿ ವರ್ತಮಾನ’ ಎಂದು ಒಂದೇ ಕಂತೆಗೆ ಕಟ್ಟುವುದು ಸುಲಭ; ಆದರೆ ಅವುಗಳ ತರ್ಕ ಬೇರೆ. ಸೇಲಂನ ಆರೋಪ ಪೊಳ್ಳು: ಮಾಟಗಾತಿಯರು ಅಲ್ಲಿರಲಿಲ್ಲ. ಹೀಗಾಗಿಯೇ ಮಿಲ್ಲರನ ವಿರೋಧಿಗಳು, ಮಾಟಗಾತಿಯರು ಇರಲಿಲ್ಲ ನಿಜ, ಕಮ್ಯೂನಿಸ್ಟರು ಇದ್ದರಲ್ಲ ಎಂದು ವಾದಿಸಲು ಸಾಧ್ಯವಾಯಿತು. ಕಲ್ಯಾಣದಲ್ಲಿ ‘ಅಪರಾಧ’ ನಿಜವಾಗಿಯೇ ನಡೆದಿದೆ. ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾಗಿದೆ; ಶರಣರು ಅದನ್ನು ಅಲ್ಲಗಳೆಯುವುದಿಲ್ಲ. ಅಲ್ಲಿ ಪ್ರಶ್ನೆ ಸಾಕ್ಷ್ಯದ್ದಲ್ಲ, ಕಟ್ಟಳೆಯದು. ಮಿಲ್ಲರ್ ನ್ಯಾಯಾಲಯ ಸತ್ಯವನ್ನು ಕಾಣಲಾರದು ಎನ್ನುತ್ತಾನೆ. ಕಾರ್ನಾಡರು ಸತ್ಯ ಕಂಡ ಮೇಲೂ ನ್ಯಾಯ ಅನ್ಯಾಯವೇ ಆಗಿರಬಹುದು ಎನ್ನುತ್ತಾರೆ. ರಾಜಕೀಯ ದಮನವನ್ನು ವಿಮರ್ಶಿಸಲು ಎರಡನೆಯ ದಾರಿ ಹೆಚ್ಚು ಕಠಿಣ, ಹೆಚ್ಚು ಪ್ರಾಮಾಣಿಕ. ಏಕೆಂದರೆ ಆರೋಪಿ ನಿರಪರಾಧಿಯೆಂಬ ಸಮಾಧಾನವನ್ನು ಅದು ಪ್ರೇಕ್ಷಕರಿಗೆ ಒದಗಿಸುವುದಿಲ್ಲ.

ಈ ಕಥೆ ಎರಡು ನುಡಿಗಳ ನಡುವೆ ಓಡಾಡಿದ್ದು ಎಂಬುದನ್ನೂ ನೆನೆಯಬೇಕು. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ವನ್ನು ಭೀಮಕವಿ ೧೩೬೯ರಲ್ಲಿ ಕನ್ನಡಕ್ಕೆ ತಂದ. ಬಿಜ್ಜಳ ಇಬ್ಬರು ಶರಣರ ಕಣ್ಣು ಕೀಳಿಸಿದ ಪ್ರಸಂಗ ಸೋಮನಾಥನಲ್ಲಿದೆ. ಮದುವೆಯೇ ಅದಕ್ಕೆ ಕಾರಣವೆಂಬ ನಿರೂಪಣೆ ಬಲಗೊಂಡದ್ದು ನಂತರದ ಕೃತಿಗಳಲ್ಲಿ. ಮೊದಲು ಶಿಕ್ಷೆ, ಆಮೇಲೆ ಅದಕ್ಕೊಂದು ಆರೋಪ ಎಂಬ ಈ ಕ್ರಮ ಪುರಾಣಗಳ ಬೆಳವಣಿಗೆಯ ಸಂಗತಿ ಮಾತ್ರ. ಆದರೂ ದಮನದ ರೀತಿಯೂ ಹೀಗೆಯೇ ಎಂದು ಸೇಲಂನ ಕಡತಗಳನ್ನು ಓದಿದವರಿಗೆ ಅನ್ನಿಸದಿರದು.

ಇಷ್ಟಾದರೂ ‘ದಿ ಕ್ರೂಸಿಬಲ್’ ತನ್ನ ರೂಪಕಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು. ಚರಿತ್ರೆಯ ಅಬಿಗೈಲ್ ವಿಲಿಯಮ್ಸ್ ಹನ್ನೊಂದು ಹನ್ನೆರಡರ ಬಾಲಕಿ. ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ಮಿಲ್ಲರ್ ಅವಳಿಗೆ ಹದಿನೇಳು ವರ್ಷ ಕೊಟ್ಟು, ಅವನನ್ನು ಮೂವತ್ತರ ದಶಕಕ್ಕೆ ಇಳಿಸಿ, ಇಬ್ಬರ ನಡುವೆ ಇರದಿದ್ದ ಸಂಬಂಧವನ್ನು ಕಲ್ಪಿಸಿದ. ಪರಿಣಾಮವಾಗಿ ಇಡೀ ಊರಿನ ಹುಚ್ಚಿಗೆ ತಿರಸ್ಕೃತಳಾದ ಹುಡುಗಿಯೊಬ್ಬಳ ಸೇಡು ಮೂಲವಾಯಿತು. ಹದಿನಾಲ್ಕು ಹೆಂಗಸರು ಗಲ್ಲಿಗೇರಿದ ಪ್ರಕರಣ ಒಬ್ಬ ಗಂಡಸಿನ ಆತ್ಮಗೌರವದ ಕಥೆಯಾಯಿತು. ನ್ಯೂಯಾರ್ಕಿನ ಪ್ರೇಕ್ಷಕರಿಗೆ ಮಾಟಗಾತಿ ಎಂಬುದು ರೂಪಕ. ದಖ್ಖನಿನಲ್ಲಿ ಅದು ರೂಪಕವಲ್ಲ. ಕಲಬುರಗಿ, ಬೀದರ ಕಡೆ ಭಾನಾಮತಿ, ತೆಲುಗು ಸೀಮೆಯಲ್ಲಿ ಚೇತಬಡಿ ಎಂಬ ಹೆಸರುಗಳ ಕೆಳಗೆ ನಿಜವಾದ ಮನುಷ್ಯರು ಏಟು ತಿಂದಿದ್ದಾರೆ, ಊರು ಬಿಟ್ಟಿದ್ದಾರೆ. ಕರ್ನಾಟಕ ಇದರ ವಿರುದ್ಧ ೨೦೧೭ರಲ್ಲಿ ಕಾನೂನು ಮಾಡಿತು. ಆ ಕಾನೂನು ಪಾವಗಡದ ಎಲ್ಲೆ ದಾಟಿ ಕುಂದುರ್ಪಿಗೆ ಬಾರದು.

ಅನುವಾದದ ತೊಡಕು ಆರಂಭವಾಗುವುದೂ ಇಲ್ಲಿಯೇ. ಸೇಲಂನ ನ್ಯಾಯಾಧೀಶ ಕೇಳುವುದು, ನೀನು ಸೈತಾನನೊಡನೆ ಒಪ್ಪಂದ ಮಾಡಿಕೊಂಡೆಯಾ ಎಂದು. ಕನ್ನಡದ ‘ಮಾಟ’ ‘ಮಾಡು’ ಎಂಬ ಧಾತುವಿನಿಂದ ಬಂದದ್ದು. ಹಳ್ಳಿಯಲ್ಲಿ ಕೇಳಿಬರುವ ಪ್ರಶ್ನೆ ‘ಯಾರು ಮಾಡಿಸಿದರು?’ ಎಂಬುದು. ತೆಲುಗಿನಲ್ಲೂ ಅದು ‘ಎವರು ಚೇಯಿಂಚಾರು?’ ಎಂದೇ. ಮಾಡಿದವರ ಹಿಂದೆ ಮಾಡಿಸಿದವರೊಬ್ಬರು ಇರಲೇಬೇಕು, ಅವರು ದಾಯಾದಿಯೋ ನೆರೆಹೊಲದವನೋ ಎದುರು ಪಕ್ಷದವನೋ ಆಗಿರಬೇಕು ಎಂಬ ನಿರೀಕ್ಷೆ ಆ ಪ್ರೇರಣಾರ್ಥಕ ಕ್ರಿಯಾಪದದಲ್ಲಿಯೇ ಇದೆ. ಅಂದರೆ ಈ ಪ್ರಶ್ನೆ ಕೇಳುವುದು ಹೆಸರನ್ನೇ. ಮಿಲ್ಲರ್ ಎರಡು ಕಾಲಗಳನ್ನು ಜೋಡಿಸಿ ಕಟ್ಟಬೇಕಾಗಿದ್ದ ಸಂಬಂಧವನ್ನು ಇಲ್ಲಿಯ ವ್ಯಾಕರಣ ಮೊದಲೇ ಕಟ್ಟಿಟ್ಟಿದೆ. ನೆರೆಯವನ ಜಮೀನಿನ ಮೇಲೆ ಕಣ್ಣಿಟ್ಟು ಆರೋಪ ಹೊರಿಸುವ ಪುಟ್ನಮ್ಮನ ಪಾತ್ರವನ್ನು ರಾಯಲಸೀಮೆಯ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಟಿಟುಬಾಳ ಮಾತು. ದಾಖಲೆಗಳು ‘ಇಂಡಿಯನ್’ ಎಂದು ಕರೆಯುವ ಈ ದಾಸಿಯನ್ನು ಮಿಲ್ಲರ್ ಬಾರ್ಬಡೋಸಿನ ಕರಿಯ ಹೆಂಗಸಾಗಿ ಚಿತ್ರಿಸಿ ಮುರುಕು ಇಂಗ್ಲಿಷ್ ಆಡಿಸುತ್ತಾನೆ. ಮೊದಲು ತಪ್ಪೊಪ್ಪಿಕೊಳ್ಳುವವಳು ಅವಳೇ. ಪ್ರಶ್ನೆ ಕೇಳುವವರು ಬಯಸುವ ಉತ್ತರ ಯಾವುದೆಂದು ಅವರ ಮಾತಿನಿಂದಲೇ ಊಹಿಸಿ, ಅದನ್ನೇ ಮರಳಿ ಒಪ್ಪಿಸಿ ಜೀವ ಉಳಿಸಿಕೊಳ್ಳುತ್ತಾಳೆ. ತನ್ನದಲ್ಲದ ಭಾಷೆಯಲ್ಲಿ ಹೇಳಿಕೆ ಕೊಡುವವರ ಸ್ಥಿತಿ ಇದು. ತೆಲುಗು ಆಡಳಿತ ಭಾಷೆಯಾಗಿರುವ ರಾಜ್ಯದಲ್ಲಿ ಠಾಣೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಕನ್ನಡದ ಮುದುಕಿಯೊಬ್ಬಳಿಗೆ ಅಲ್ಲಿ ಬರೆದದ್ದು ತನ್ನ ಮಾತೇ ಎಂದು ತಿಳಿಯುವ ದಾರಿ ಯಾವುದು? ಪ್ರಾಕ್ಟರನ ದುರಂತ ತಾನು ಸಹಿ ಮಾಡಿದ್ದೇನು ಎಂದು ಬಲ್ಲವನದು. ಅದಕ್ಕೇ ಅವನು ಕಾಗದವನ್ನು ಹರಿಯಬಲ್ಲ. ಟಿಟುಬಾಳಿಗೆ ಹರಿಯಲು ಕಾಗದವೇ ಇಲ್ಲ.

ಆದ್ದರಿಂದ ಈ ನಾಟಕವನ್ನು ಕುಂದುರ್ಪಿ ಸೀಮೆಯ ಕನ್ನಡದಲ್ಲಿ ಆಡಿಸಬಯಸುವವರು ಎರಡು ಸುಲಭ ದಾರಿಗಳನ್ನು ಬಿಡಬೇಕು. ನ್ಯಾಯಾಧೀಶರಿಗೆ ಶಿಷ್ಟ ಕನ್ನಡ ಕೊಟ್ಟು ಟಿಟುಬಾಳಿಗೆ ಮಾತ್ರ ತೆಲುಗು ಬೆರೆತ ಗಡಿಗನ್ನಡ ಕೊಟ್ಟರೆ ಅದು ಊಳಿಗದವರ ಮಾತೆಂಬ ಹಳೆಯ ಅವಮಾನ ಮತ್ತೆ ರಂಗವೇರುತ್ತದೆ. ನ್ಯಾಯಾಧೀಶರಿಗೆ ತೆಲುಗು, ಆರೋಪಿಗಳಿಗೆ ಕನ್ನಡ ಎಂದು ಹಂಚಿದರೆ ನಾಟಕ ಒಂದು ನುಡಿಯ ಜನರ ಮೇಲೆ ಹೊರಿಸುವ ಮತ್ತೊಂದು ಆರೋಪವಾಗುತ್ತದೆ. ಹಾಗಾದರೆ ಎರಡೂ ನುಡಿ ಬಲ್ಲ ಊರಿಗೆ ಅದು ಸುಳ್ಳು. ತಾಡಿಪತ್ರಿಯಲ್ಲಿ ಹುಟ್ಟಿ ತೆಲುಗು ಕನ್ನಡ ಎರಡರಲ್ಲೂ ನಟಿಸಿದ ಬಳ್ಳಾರಿ ರಾಘವರ ಪರಂಪರೆಗೂ ಸಲ್ಲದು. ಆರೋಪಿಸುವವರು, ಆರೋಪಕ್ಕೆ ಸಿಕ್ಕವರು, ಸುಮ್ಮನಿದ್ದವರು ಎಲ್ಲರೂ ಊರ ಬೆರಕೆ ಮಾತನ್ನೇ ಆಡಲಿ. ಡ್ಯಾನ್‌ಫೋರ್ತ್ ಮತ್ತವನ ಕಡತಗಳು ಮಾತ್ರ ಯಾರ ಮನೆಯಲ್ಲೂ ಆಡದ ಗ್ರಾಂಥಿಕದಲ್ಲಿ ನುಡಿಯಲಿ. ಆಗ ಅಂತರ ಕಾಣುವುದು ಕನ್ನಡಕ್ಕೂ ತೆಲುಗಿಗೂ ನಡುವೆ ಅಲ್ಲ, ಬಾಯ ಮಾತಿಗೂ ಬರೆದ ತೀರ್ಪಿಗೂ ನಡುವೆ.

ಕೊನೆಯ ಅಂಕದಲ್ಲಿ ಪ್ರಾಕ್ಟರ್ ಸುಳ್ಳು ಒಪ್ಪಿಗೆಗೆ ಸಹಿ ಹಾಕಿಯೂ ಅದನ್ನು ಚರ್ಚಿನ ಬಾಗಿಲಿಗೆ ಅಂಟಿಸಲು ಬಿಡುವುದಿಲ್ಲ. ಇತರರ ಹೆಸರು ಹೇಳಲೂ ಒಪ್ಪುವುದಿಲ್ಲ. ಕನ್ನಡದ ‘ಹೆಸರು’, ತೆಲುಗಿನ ‘ಪೇರು’ ಕರೆಯುವ ಗುರುತನ್ನೂ ಗಳಿಸಿದ ಮಾನವನ್ನೂ ಒಟ್ಟಿಗೆ ಸೂಚಿಸುವುದರಿಂದ ಆ ದೃಶ್ಯ ಇಲ್ಲಿ ಅಡೆತಡೆಯಿಲ್ಲದೆ ತಲುಪುತ್ತದೆ. ಆದರೆ ಸೇಲಂನಲ್ಲಿ ಸತ್ತ ಹೆಂಗಸರಿಗೂ ಹೆಸರಿತ್ತು. ಪ್ರಾಕ್ಟರನ ಹೆಸರು ಉಳಿಯುವಷ್ಟೇ ಸ್ಪಷ್ಟವಾಗಿ ಬ್ರಿಜೆಟ್ ಬಿಷಪ್, ಸಾರಾ ಗುಡ್, ರೆಬೆಕಾ ನರ್ಸ್ ಎಂಬ ಹೆಸರುಗಳನ್ನೂ ಕೇಳಿಸಬಲ್ಲ ಪ್ರಯೋಗವೇ ಮಾಟಗಾತಿ ಎಂಬ ಪದ ಇನ್ನೂ ಬಳಕೆಯಲ್ಲಿರುವ ನೆಲದಲ್ಲಿ ಈ ನಾಟಕವನ್ನು ಪೂರ್ಣವಾಗಿ ಓದಿದಂತಾಗುತ್ತದೆ.